ಮುತ್ಯಾನ ಮಾರಿ

ಸೇಡಂ, ಚಿಂಚೋಳಿ ಕಡೆಯ ಮನೆಗಳಲ್ಲಿ ಗೋಡೆ ಮೇಲಿನ ಹಿರಿಯರೆಲ್ಲ ಆಗತಾನೇ ಕೋರ್ಟಿನಲ್ಲಿ ಕೇಸು ಸೋತು ಬಂದಂತೆ ಕೂತಿರುತ್ತಾರೆ. ರುಮಾಲು ಬಿಗಿ, ತುಟಿ ಬಿಗಿ, ಕೈ ಎರಡೂ ತೊಡೆಯ ಮೇಲೆ. ತೊಗರಿಗೆ ಒಳ್ಳೆಯ ರೇಟು ಸಿಕ್ಕ ವರ್ಷ ತೆಗೆಸಿದ ಫೋಟೊದಲ್ಲೂ ಅದೇ ಮಾರಿ. ನಕ್ಕರೆ ಗೌಡಕಿ ಕೈಬಿಟ್ಟೀತೆಂಬ ಅಂಜಿಕೆ ಇರಬೇಕು.

ಬಣ್ಣ ಹಿಡಿದವನಿಗೆ ತೊಡಕು ಬರುವುದು ಇಲ್ಲೇ. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಮುಂಬೈಗೆ ಹೋಗಿ ಸಿನಿಮಾ ಪೋಸ್ಟರು ಬರೆದರು, ಕ್ಯಾಲೆಂಡರಿನ ದೇವರುಗಳಿಗೆ ಜೀವ ತುಂಬಿದರು. ಅವರ ಕೈಚಳಕಕ್ಕೆ ನಮೋ ನಮಃ. ಆದರೂ ಒಂದು ಮಾತು: ದೇವರ ಕೆಲಸ ಕೊಂಚ ಹಗುರ. ರುದ್ರನಿಗೆ ಸಿಟ್ಟು, ಕೃಷ್ಣನಿಗೆ ತುಂಟನಗೆ ಎಂದು ಮೊದಲೇ ಹಂಚಿಕೆಯಾಗಿಬಿಟ್ಟಿದೆ. ಶಹಾಬಾದಿನ ಕಲ್ಲುಗಣಿಯಲ್ಲಿ ಬಿಸಿಲುಂಡ ಮುತ್ಯಾನ ಪಾಲಿಗೆ ಯಾವ ಭಾವ ಬಂದಿದೆಯೆಂದು ಯಾವ ಪುರಾಣ ನೋಡೋಣ?

ಚಿತ್ತಾಪುರ ಸೀಮೆಯ ಕನಗನಹಳ್ಳಿಯಲ್ಲಿ, ಭೀಮೆಯ ದಂಡೆಯ ಬೌದ್ಧ ಸ್ತೂಪದಲ್ಲಿ ಸಿಕ್ಕ ಅಶೋಕನ ಶಿಲ್ಪ ಲೋಕಪ್ರಸಿದ್ಧ. ಪಕ್ಕದಲ್ಲಿ ರಾಣಿ, ಸೇವಕಿಯರು. ಜೊತೆಗೆ ಬ್ರಾಹ್ಮಿ ಲಿಪಿಯಲ್ಲಿ 'ರಾಯ ಅಸೋಕೋ' ಎಂಬ ಬರಹ. ಶಿಲ್ಪಿ ಹೆಸರು ಕೆತ್ತಿ ಗುರುತಿನ ಚಿಂತೆ ಬಿಟ್ಟ. ಭಾವಚಿತ್ರದವನಿಗೆ ಆ ಸವಲತ್ತಿಲ್ಲ. 'ಮುತ್ಯಾ ಬೇಜಾರಾಗ್ಯಾನ' ಎಂದು ಕೆಳಗೆ ಬರೆಯಲಾದೀತೇ?

ಬೇಜಾರು ಇರುವುದು ಕಣ್ಣೀರಿನಲ್ಲಲ್ಲ, ಹುಬ್ಬಿನ ಒಳತುದಿಯಲ್ಲಿ. ಅದು ಕೂದಲೆಳೆಯಷ್ಟು ಮೇಲೆದ್ದರೆ ಇಡೀ ಮಾರಿ ಬಾಡುತ್ತದೆ. ನಗುವೂ ಬರೀ ಬಾಯಿಯ ಸೊತ್ತಲ್ಲ. ಕಣ್ಣಿನ ಸುತ್ತಲ ಸ್ನಾಯು ಜೊತೆಗೂಡದಿದ್ದರೆ ಅದು ತೋರಿಕೆಯದೆಂದು ಫ್ರಾನ್ಸಿನ ವೈದ್ಯ ದುಶೆನ್ 1862ರಲ್ಲೇ ಬರೆದಿಟ್ಟ. ಚುನಾವಣೆಯ ಬ್ಯಾನರು ನೋಡುವ ನಮಗೆ ಇದಕ್ಕೆ ಫ್ರಾನ್ಸಿನ ಸಾಕ್ಷಿ ಬೇಕಿರಲಿಲ್ಲ. ಬಾಯಿಯ ಮೂಲೆಗೆ ಮಾತ್ರ ಗಟ್ಟಿ ಗೆರೆ ಎಳೆಯಬಾರದು, ನೆರಳಿನಲ್ಲಿ ಕರಗಿಸಿ ಬಿಡಬೇಕು. ಆಗ ನೋಡುವವರೇ ಅರ್ಧ ಭಾವ ತುಂಬಿಕೊಳ್ಳುತ್ತಾರೆ.

ಇದನ್ನೆಲ್ಲ ಕಲಿಯಲು ವಾಡಿ ಜಂಕ್ಷನ್ನಿಗಿಂತ ಒಳ್ಳೆಯ ಶಾಲೆಯಿಲ್ಲ. ಸೊಲ್ಲಾಪುರದ ಕಡೆಯಿಂದ ಬಂದ ಹಳಿ ಇಲ್ಲಿ ಹೈದರಾಬಾದಿಗೂ ರಾಯಚೂರಿಗೂ ಕವಲೊಡೆಯುತ್ತದೆ. ಗಾಡಿ ತಡವಾದಷ್ಟೂ ಕಾದು ಕೂತವರು ತಮಗೊಂದು ಮಾರಿಯಿದೆ ಎಂಬುದನ್ನೇ ಮರೆಯುತ್ತಾರೆ. ಗೌಡಕಿ ಸಡಿಲಾಗಿ ಒಳಗಿನವನು ಹೊರಗೆ ಬರುತ್ತಾನೆ. ಮನೆಯಲ್ಲಿ ಖುರ್ಚಿ ಹಾಕಿ ಕೂರಿಸಿದ ಮುತ್ಯಾನೂ ಹಾಗೆಯೇ. ಮೊದಲ ತಾಸು ಕೊಡುವುದು ಫೋಟೊದ ಮಾರಿ. ಚಹಾ ಕುಡಿದು, ಮಳೆಗೊಂದಿಷ್ಟು ಬೈದು, ಕಣ್ಣು ಎಳೆಯತೊಡಗಿದಾಗ ಚಿತ್ರ ಶುರುವಾಗಬೇಕು.

ಹಾಗೆ ಬರೆದ ಚಿತ್ರವನ್ನು ಮನೆಯವರು ಒಪ್ಪುತ್ತಾರೆಂದಲ್ಲ. ಸೊಸೆ ಸೆರಗು ಸರಿಮಾಡಿಕೊಂಡು, ಬಾಗಿಲಲ್ಲೇ ನಿಂತು ನೋಡಿ ಅನ್ನುತ್ತಾಳೆ: "ಎಲ್ಲಾ ಬರೋಬರಿ ಬಂದದರಿ. ಖರೆ, ನಮ್ಮ ಮಾವನೋರು ಇಷ್ಟು ಛಲೋ ಮನಷ್ಯಾ ಅಲ್ರಿ."