ಹೊಳೆ ದಾಟದ ಆನೆ

ಆರು ತಿಂಗಳ ಅವಧಿಗೆಂದು ಕ್ಯಾಲಿಫೋರ್ನಿಯದ ಫ್ರೀಮಾಂಟಿಗೆ ಬಂದಿಳಿಯುವ ನಮ್ಮ ಕಡೆಯ ಹಿರಿಯರಿಗೆ ಮೊದಲ ವಾರ ನಿದ್ರೆಯೂ ಎರಡನೆಯ ವಾರ ಮೊಮ್ಮಕ್ಕಳೂ ಒದಗಿ, ಮೂರನೆಯ ವಾರದಿಂದಾಚೆಗೆ ಒದಗುವುದು ಕಿಟಕಿಯೊಂದೇ. ಹೆಗ್ಗಡದೇವನಕೋಟೆಯ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದ ನಮ್ಮ ಮಾವನವರು, ಊರಿನ ಅಹವಾಲುಗಳನ್ನೆಲ್ಲ ಕೇಳಿ ರೂಢಿಯಾದ ತಮ್ಮ ಕಿವಿಗೆ ಇಲ್ಲಿ ಫ್ರಿಜ್ಜಿನ ಸದ್ದಿನ ಹೊರತು ಬೇರೆ ಆಹಾರವಿಲ್ಲದುದನ್ನು ಕಂಡು ಮರುಗಿ, ಪಂಚೆಯ ಮೇಲೊಂದು ಸ್ವೆಟರನ್ನೂ ತಲೆಗೊಂದು ಮಂಕಿಕ್ಯಾಪನ್ನೂ ಧರಿಸಿ, ಎಲಿಜಬೆತ್ ಸರೋವರದ ದಂಡೆಯಲ್ಲಿ ಪ್ರಾತಃಸಂಚಾರವನ್ನು ಆರಂಭಿಸಿದರು.

ದೇವಸ್ಥಾನದಲ್ಲಿ ಕನ್ನಡದ ಹಿರಿಯರು ಸಿಗುತ್ತಿರಲಿಲ್ಲವೆಂದಲ್ಲ. ಆದರೆ “ನಿಮ್ಮ ಅಳಿಯಂದಿರು ಯಾವ ಕಂಪನಿ?” ಎಂಬ ಮೊದಲನೆಯ ಪ್ರಶ್ನೆಗೂ “ಗ್ರೀನ್ ಕಾರ್ಡ್ ಆಯಿತೋ?” ಎಂಬ ಎರಡನೆಯ ಪ್ರಶ್ನೆಗೂ ನಡುವೆಯೇ ಅಂಕುರಿಸಿದ ಸ್ನೇಹವು ಬಾಡಿಹೋಗುತ್ತಿತ್ತು. ಸರೋವರದ ಬೆಂಚಿನ ಮೇಲೆ ದೊರೆತವರಾದರೋ, ಮಗನ ಮನೆಯಲ್ಲಿ ಇದೇ ಬಗೆಯ ಸುಖದ ಸೆರೆಯನ್ನು ಅನುಭವಿಸುತ್ತಿದ್ದ, ಬಿಸಿನೀರಿನ ಫ್ಲಾಸ್ಕನ್ನು ಮಗ್ಗುಲಲ್ಲಿಟ್ಟುಕೊಂಡು ಕುಳಿತಿದ್ದ ಒಬ್ಬ ಚೀನೀ ವೃದ್ಧರು. ಅವರಿಗೆ ಕನ್ನಡ ಬಾರದು, ಮಾವನವರಿಗೆ ಚೀನೀ ಬಾರದು. ಮಾವನವರ ಇಂಗ್ಲಿಷು ಸರ್ಕಾರಿ ಟಿಪ್ಪಣಿಯ ಇಂಗ್ಲಿಷಾದುದರಿಂದ ಬೆಂಚಿನ ಮೇಲೆ ನಡೆಯದು. ವಾರದೊಳಗೆ ಅವರು ನಮ್ಮ ಮನೆಯಲ್ಲಿ ‘ಚೀನೀ ರಾಯರು’ ಎಂದು ಪ್ರಸಿದ್ಧರಾದರು. ಅತ್ತೆಯವರ ಕೋಡುಬಳೆ ಅತ್ತ ಹೋಯಿತು. ರಾಯರ ಹಿತ್ತಲಿನ ಹಾಗಲಕಾಯಿ ಇತ್ತ ಬಂದು ಗೊಜ್ಜಾಯಿತು.

ಒಮ್ಮೆ ಹಿಂದಿನಿಂದ ಹೋಗಿ ನಿಂತು ಕೇಳಿದೆನು. “ಅಳಿಯ ಒಳ್ಳೆಯವನೇ ರಾಯರೆ, ಆದರೆ ಕಾಫಿಗೆ ನೀರನ್ನು ಮೈಕ್ರೊವೇವಿನಲ್ಲಿ ಕಾಯಿಸುತ್ತಾನೆ” ಎಂದು ಮಾವನವರು ನಿಟ್ಟುಸಿರಿಟ್ಟರು. ರಾಯರು ಪರಮ ಸಹಾನುಭೂತಿಯಿಂದ ತಲೆದೂಗಿ, ತಮ್ಮ ಸೊಸೆಯದೇ ಇರಬೇಕು, ದೀರ್ಘವಾದ ಯಾವುದೋ ವೃತ್ತಾಂತವನ್ನು ನಿವೇದಿಸಿದರು. “ಹೌದು, ಹೌದು” ಎಂದರು ಮಾವನವರು. ನನ್ನ ಮಗನು ಅನುಕಂಪದಿಂದ ಅವರ ಫೋನಿಗೆ ಅನುವಾದದ ಆ್ಯಪ್ ಹಾಕಿಕೊಟ್ಟಾಗ, “ಅವರು ಹೇಳುವುದು ತಿಳಿದುಬಿಟ್ಟರೆ ಉತ್ತರ ಕೊಡಬೇಕಾಗುತ್ತದಪ್ಪ” ಎಂದು ಅದನ್ನು ಕೂಡಲೇ ತೆಗೆಸಿದರು. ಇಷ್ಟು ವಿವೇಕವನ್ನು ನಮ್ಮ ಕನ್ನಡ ಕೂಟದ ಕಾರ್ಯಕಾರಿ ಸಮಿತಿಯಲ್ಲಿ ನಾನು ಕಂಡಿಲ್ಲ.

ರಾಯರ ಚೀಲದಲ್ಲಿದ್ದುದು ಅವರ ದೇಶದ ಚದುರಂಗ. ಅಕ್ಷರ ಬರೆದ ಮರದ ಬಿಲ್ಲೆಗಳೇ ಅಲ್ಲಿ ಕಾಯಿಗಳು, ಪಕ್ಷಕ್ಕೆ 16. ಅವು ನಿಲ್ಲುವುದು ಮನೆಗಳೊಳಗಲ್ಲ, ಗೆರೆಗಳು ಕೂಡುವೆಡೆ. ಎರಡು ಸೇನೆಗಳ ನಡುವೆ ಒಂದು ಹೊಳೆ. ಹಳೆಯ ಪಹಣಿಯ ಕೈಬರಹವನ್ನು ಬಿಡಿಸುವ ತಾಳ್ಮೆಯಿಂದ ಮಾವನವರು ಆ ಬಿಲ್ಲೆಗಳನ್ನು ಗುರುತುಹಿಡಿದು, ಮಗ್ಗುಲಲ್ಲಿ ಅಡ್ಡಕಾಯಿಯಿದ್ದರೆ ಕುದುರೆಯು ಆ ಕಡೆಗೆ ನೆಗೆಯಲಾರದೆಂಬುದನ್ನೂ, ಫಿರಂಗಿಯು ಹೊಡೆಯಬೇಕಾದರೆ ನಡುವೆ ಒಂದು ಕಾಯಿಯನ್ನು ಹಾರಲೇಬೇಕೆಂಬುದನ್ನೂ ಒಪ್ಪಿಕೊಂಡರು. ಒಪ್ಪದಿದ್ದುದು ಆನೆಯ ವಿಚಾರವೊಂದನ್ನೇ. ನಮ್ಮಲ್ಲಿ ನೇರವಾಗಿ ನುಗ್ಗುವ ಆನೆಯು ಅಲ್ಲಿ ಓರೆಯಾಗಿ ಎರಡು ಹೆಜ್ಜೆ ನಡೆಯುವುದಲ್ಲದೆ, ಹೊಳೆಯನ್ನು ದಾಟಲೇಕೂಡದು! “ಕಬಿನಿಯ ಹಿನ್ನೀರಿನಲ್ಲಿ ಮರಿಗಳನ್ನು ಕಟ್ಟಿಕೊಂಡು ಈಜುವ ಹಿಂಡನ್ನು ಕಣ್ಣಾರೆ ಕಂಡವನು ನಾನು” ಎಂದು ಗುಡುಗಿ ಮಾವನವರು ಆನೆಯನ್ನು ದಾಟಿಸುವರು. ರಾಯರು ಗೊಣಗುತ್ತ ಅದನ್ನು ಎತ್ತಿ ಹಿಂದಕ್ಕಿಡುವರು. ಮಾವನವರು ಮತ್ತೆ ದಾಟಿಸುವರು. ಈ ವ್ಯಾಜ್ಯವು ಇತ್ಯರ್ಥವಾಗದೆ ಮಳೆಗಾಲವೂ ಬಂದಿತು.

ಹೀಗಿರಲು ಒಂದು ರಾತ್ರಿ, ಊರಿಗೆ ಮರಳುವ ದಿನವನ್ನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಸುತ್ತಿಟ್ಟಿದ್ದ ಮಾವನವರೇ ನನ್ನ ಕೋಣೆಗೆ ಬಂದು, ಅವಧಿಯನ್ನು ವಿಸ್ತರಿಸಿಕೊಳ್ಳಲು ಮಾರ್ಗವುಂಟೇ ಎಂದು ಕೇಳಿದರು. ಉಂಟು. ಅದಕ್ಕೆ ಐ-539 ಎಂಬ ಅರ್ಜಿಯಿದೆ. ಅವಧಿ ಮುಗಿಯಲು ಕನಿಷ್ಠ 45 ದಿನ ಇರುವಾಗಲೇ ಸಲ್ಲಿಸುವುದು ಒಳ್ಳೆಯದು. ಇನ್ನೂ ಇರಬೇಕಾದ ಕಾರಣವನ್ನೂ ಬರೆದುಕೊಡಬೇಕು. “ಆನೆಯದು ಬಾಕಿಯಿದೆಯೆಂದು ಬರೆ” ಎಂದರು ಮಾವನವರು. ‘ಮಗಳು, ಅಳಿಯ ಮತ್ತು ಮೊಮ್ಮಕ್ಕಳೊಡನೆ ಇನ್ನಷ್ಟು ಕಾಲ ಕಳೆಯುವ ಅಪೇಕ್ಷೆ’ ಎಂದು ನಾನು ಬರೆದುದನ್ನು ಅವರು ಶಿರಸ್ತೇದಾರರ ಕಣ್ಣಿನಿಂದ ಎರಡು ಸಲ ಓದಿ, ಕರಡನ್ನು ಅನುಮೋದಿಸಿ, ಸಹಿ ಹಾಕಿದರು.