ಎ.ಸಿ. ತತ್ತ್ವ ವಿವೇಚನೆ: ಒಂದು ದ್ವ್ಯಕ್ಷರೀ ಮೀಮಾಂಸೆ

ಪ್ರಸ್ತುತ ಪ್ರಬಂಧದ ವಿಷಯವಾದ ಶಬ್ದಕ್ಕೆ ಇರುವುದು ಎರಡೇ ಅಕ್ಷರ. ಆದರೂ ಅದರ ಶುದ್ಧಪಾಠ ಇನ್ನೂ ನಿರ್ಣಯವಾಗಿಲ್ಲ. ಬಸ್ಸಿನ ಗಾಜಿನ ಮೇಲೆ ‘ಎಸಿ’ ಎಂದೂ, ಚೆಕ್ಕಿನ ಮೂಲೆಯಲ್ಲಿ ಓರೆಗೀಟು ಸಮೇತ ‘ಎ/ಸಿ’ ಎಂದೂ, ಬಾರಿನ ಬೋರ್ಡಿನಲ್ಲಿ ‘ಏ.ಸಿ.’ ಎಂದೂ ಪಾಠಾಂತರಗಳಿವೆ. ಹ್ರಸ್ವವಾದಿಗಳಿಗೂ ದೀರ್ಘವಾದಿಗಳಿಗೂ ಈ ಬಗ್ಗೆ ವಾಗ್ವಾದ ನಡೆದೇ ಇದೆ. ಬಿಲ್ಲು ದೀರ್ಘವಾಗುವ ಕಡೆ ಸ್ವರವೂ ದೀರ್ಘವಾಗತಕ್ಕದ್ದು ಎಂಬ ದೀರ್ಘವಾದಿಗಳ ಯುಕ್ತಿಯನ್ನು ಪ್ರಬಂಧಕಾರನು ತಾತ್ಕಾಲಿಕವಾಗಿ ಒಪ್ಪಿಕೊಂಡಿದ್ದಾನೆ. ರಸಾಯನಶಾಸ್ತ್ರದಲ್ಲಿ 89ನೆಯ ಧಾತುವಾದ ಆಕ್ಟಿನಿಯಂ ಕೂಡ ಇದೇ ಎರಡಕ್ಷರವನ್ನು ಹೊತ್ತಿದೆ. ಆದರೆ ಅಲ್ಲಿ ಎರಡನೆಯ ಅಕ್ಷರ ಚಿಕ್ಕದು. ಆದ್ದರಿಂದ ಅದು ನಮ್ಮ ಗೋತ್ರದ್ದಲ್ಲ.

ಈಗ ಅರ್ಥಗಳ ವಿಚಾರ. ಕನ್ನಡ ನಾಡಿನಲ್ಲಿ ಎ.ಸಿ. ಎಂದರೆ ಮುಖ್ಯವಾಗಿ ಮೂರು: ನಾಲ್ಕಾರು ತಾಲ್ಲೂಕುಗಳ ಮೇಲೆ ಕೂತಿರುವ ಅಸಿಸ್ಟೆಂಟ್ ಕಮಿಷನರು, ತಂತಿಯಲ್ಲಿ ಹರಿಯುವ ಪರ್ಯಾಯ ವಿದ್ಯುತ್ತು, ಗೋಡೆಯ ಮೇಲೆ ಕೂತು ತಣ್ಣಗೆ ಊದುವ ಯಂತ್ರ. ಇವುಗಳಲ್ಲಿ ಹಿರಿಯ ಯಾರು ಎಂಬುದು ವಿವಾದಾಸ್ಪದ. ಕಮಿಷನರು ಎಂಬ ಹುದ್ದೆಯ ಬೇರು 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳು ಮೈಸೂರನ್ನು ಆಳಿದ ಕಾಲದಲ್ಲಿದೆ. ಆದ್ದರಿಂದ ಹಿರಿತನ ಸಾಹೇಬರಿಗೇ ಸಲ್ಲಬೇಕು. ಮದರಾಸು, ಮುಂಬಯಿ ಆಡಳಿತದಲ್ಲಿದ್ದ ಸೀಮೆಗಳಲ್ಲಿ ಮಾತ್ರ ಈ ಅಕ್ಷರಗಳು ತಡವಾಗಿ ತಲುಪಿದವು. ಬೆಳಗಾವಿ ಕಡೆಯ ಹಿರಿಯರು ‘ಪ್ರಾಂತ ಸಾಹೇಬ್ರು’ ಎನ್ನುವುದನ್ನು ಬಿಡಲಿಲ್ಲ. ಎರಡಕ್ಷರದಲ್ಲಿ ಮುಗಿಯುವ ಅಧಿಕಾರಿಯನ್ನು ಅವರು ಪೂರ್ಣ ಅಧಿಕಾರಿಯೆಂದು ನಂಬಿರಲಾರರು.

ಉಳಿದೆರಡು ಅರ್ಥಗಳ ಕಾಲನಿರ್ಣಯ ಮಾಡಹೊರಟ ಪಂಡಿತನಿಗೆ ಮೈ ಜುಂ ಎನ್ನಿಸುವ ಸಂಗತಿಯೊಂದು ಎದುರಾಗುತ್ತದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರು ಹೊರಡಿಸಿದ ಯೋಜನೆಯಂತೆ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದದ್ದು 1902ರ ಜೂನ್ ತಿಂಗಳ ಕೊನೆಯಲ್ಲಿ. ಅತ್ತ ಅಮೆರಿಕದಲ್ಲಿ ವಿಲಿಸ್ ಕ್ಯಾರಿಯರ್ ಎಂಬ ಎಂಜಿನಿಯರು ಹವಾ ನಿಯಂತ್ರಣ ಯಂತ್ರದ ನಕ್ಷೆ ಬರೆದು ಮುಗಿಸಿದ್ದು ಅದೇ 1902ರ ಜುಲೈ 17ರಂದು. ಒಂದು ಎ.ಸಿ. ಕಾವೇರಿಯಿಂದ ಹೊರಟು ಮೂರು ವಾರ ತುಂಬುವುದರೊಳಗೆ ಇನ್ನೊಂದು ಎ.ಸಿ. ಭೂಮಿಯ ಆಚೆ ಬದಿಯಲ್ಲಿ ಕಾಗದದ ಮೇಲೆ ಅವತರಿಸಿತು. ಇದನ್ನು ಕಾಕತಾಳೀಯ ಎನ್ನುವವರು ಶಾಸ್ತ್ರಾಧ್ಯಯನಕ್ಕೆ ಅನರ್ಹರು.

ಕ್ಯಾರಿಯರ್ ಮಹಾಶಯನ ಕಥೆಯಲ್ಲಿ ನಮ್ಮವರು ಗಮನಿಸದೆ ಬಿಟ್ಟ ತಿರುಳೊಂದಿದೆ. ಆ ಯಂತ್ರ ಹುಟ್ಟಿದ್ದು ಮನುಷ್ಯನ ಬೆವರು ಆರಿಸಲಿಕ್ಕಲ್ಲ. ಬ್ರೂಕ್ಲಿನ್ನಿನ ಮುದ್ರಣಾಲಯವೊಂದರಲ್ಲಿ ಗಾಳಿಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಕೂರುತ್ತಿರಲಿಲ್ಲ. ಕಾಗದಕ್ಕೆ ನೆಮ್ಮದಿಯಾಗಲಿ ಎಂದು ಎ.ಸಿ. ಬಂತು. ಪಕ್ಕದಲ್ಲಿ ನಿಂತ ಮನುಷ್ಯನಿಗೆ ತಂಪು ತಗುಲಿದ್ದು ಬರೀ ಆನುಷಂಗಿಕ. ಈ ಮೂಲತತ್ತ್ವವನ್ನು ಹಿಡಿದುಕೊಂಡು ನಮ್ಮ ಯಾವುದೇ ಉಪವಿಭಾಗಾಧಿಕಾರಿಗಳ ಕಚೇರಿಗೆ ಹೋಗಿ ನೋಡತಕ್ಕದ್ದು. ಸಾಹೇಬರ ಕೋಣೆಯಲ್ಲಿ ಒಂದೂವರೆ ಟನ್ನಿನ ಯಂತ್ರ ಗುಂಯ್‌ಗುಡುತ್ತಿರುತ್ತದೆ. ಕಾಗದಗಳು ಹಿಂದಿನ ರೆಕಾರ್ಡ್ ರೂಮಿನಲ್ಲಿ, ಕೆಂಪು ಬಟ್ಟೆಯ ಗಂಟುಗಳೊಳಗೆ, ಬೆಳ್ಳಿಹುಳುಗಳ ಸಹವಾಸದಲ್ಲಿ, ಮಳೆಗಾಲದಲ್ಲಿ ಹಿಗ್ಗಿ ಬೇಸಗೆಯಲ್ಲಿ ಕುಗ್ಗುತ್ತ ಬಿದ್ದಿರುತ್ತವೆ. ಎರಡು ಗುಂಟೆಯ ಬಾಂದು ಅಳಿಸಿಹೋಗಲಿಕ್ಕೆ ಅಷ್ಟು ತೇವ ಸಾಕು. ಅಧಿಕಾರಿಯನ್ನು ರೆಕಾರ್ಡ್ ರೂಮಿಗೂ ಕಡತಗಳನ್ನು ಚೇಂಬರಿಗೂ ಸ್ಥಳಾಂತರಿಸಿದರೆ ಕ್ಯಾರಿಯರನ ಆಶಯ ನೆರವೇರೀತು ಎಂಬ ಸಲಹೆಯನ್ನು ಈ ಪ್ರಬಂಧ ವಿನಯಪೂರ್ವಕ ಸಲ್ಲಿಸುತ್ತದೆ. ಅಂದಹಾಗೆ, ಒಂದೂವರೆ ಟನ್ ಎಂಬುದು ಯಂತ್ರದ ತೂಕವಲ್ಲ. ಒಂದು ಟನ್ ಮಂಜುಗಡ್ಡೆ ಇಪ್ಪತ್ತನಾಲ್ಕು ತಾಸಿನಲ್ಲಿ ಕರಗಲು ಬೇಕಾದಷ್ಟು ಶಾಖವನ್ನು ಅಷ್ಟೇ ಹೊತ್ತಿನಲ್ಲಿ ಹೊರಹಾಕುವ ಶಕ್ತಿಗೆ ಒಂದು ಟನ್ ಎಂದು ಹೆಸರು. ಗೋಡೆ ಗಟ್ಟಿಯಿದೆಯೋ ಇಲ್ಲವೋ ಎಂದು ಚಿಂತೆ ಮಾಡುವವರಿಗಾಗಿ ಈ ವಿವರಣೆ.

ಅಧಿಕಾರಿಗೂ ವಿದ್ಯುತ್ತಿಗೂ ಇರುವ ಸಂಬಂಧ ಇನ್ನೂ ಗಾಢವಾದದ್ದು. ಎ.ಸಿ. ವಿದ್ಯುತ್ತಿನ ಲಕ್ಷಣವೇನು? ಅದು ಒಂದೇ ದಿಕ್ಕಿಗೆ ಹರಿಯುವುದಿಲ್ಲ. ನಮ್ಮ ದೇಶದಲ್ಲಿ ಸೆಕೆಂಡಿಗೆ ಐವತ್ತು ಆವರ್ತ, ಅಂದರೆ ನೂರು ಸಲ ದಿಕ್ಕು ಬದಲು. ಹೋಗುತ್ತದೆ, ಬರುತ್ತದೆ, ಎಲ್ಲಿಗೂ ತಲುಪುವುದಿಲ್ಲ. ಆದರೂ ಕೆಲಸವಾಗುತ್ತದೆ. 1964ರ ಭೂಕಂದಾಯ ಕಾಯಿದೆಯ ಪ್ರಕಾರ ತಹಸೀಲ್ದಾರರ ಮ್ಯುಟೇಶನ್ ಒಪ್ಪದವನು ಎ.ಸಿ. ಕೋರ್ಟಿಗೆ ಮೇಲ್ಮನವಿ ಹೋಗುತ್ತಾನೆ, ಅಲ್ಲಿ ಸೋತವನು ಡಿ.ಸಿ. ಬಳಿಗೆ ಪುನರ್‌ಪರಿಶೀಲನೆಗೆ ಹೋಗುತ್ತಾನೆ, ಡಿ.ಸಿ. ಅದನ್ನು ಮರುವಿಚಾರಣೆಗೆಂದು ಕೆಳಕ್ಕೆ ಕಳಿಸುತ್ತಾರೆ. ಪಹಣಿಯ ಒಂಬತ್ತನೆಯ ಕಾಲಮ್ಮಿನಲ್ಲಿ ಹೆಸರು ಹೋಗುತ್ತದೆ, ಬರುತ್ತದೆ. ವಿದ್ಯುತ್ತಿಗೂ ಇದಕ್ಕೂ ವೇಗದಲ್ಲಿ ಮಾತ್ರ ವ್ಯತ್ಯಾಸ. ವಕೀಲರ ಮನೆಯಲ್ಲಿ ದೀಪ ಉರಿಯುತ್ತದೆ ಎಂಬುದು ಎರಡಕ್ಕೂ ಸಮಾನ.

ಇಲ್ಲೊಂದು ಪೂರ್ವಪಕ್ಷವುಂಟು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಎಡಿಸನ್ನನು ಡಿ.ಸಿ.ಯ ಪರ, ವೆಸ್ಟಿಂಗ್‌ಹೌಸ್ ಮತ್ತು ಟೆಸ್ಲಾ ಎ.ಸಿ.ಯ ಪರ ನಿಂತು ಕಾದಾಡಿದಾಗ ಗೆದ್ದದ್ದು ಎ.ಸಿ. ಆದರೆ ಕಂದಾಯ ಇಲಾಖೆಯಲ್ಲಿ ಎ.ಸಿ.ಯ ಆದೇಶವನ್ನು ಡಿ.ಸಿ. ರದ್ದು ಮಾಡಬಹುದು. ಹಾಗಾದರೆ ಎರಡೂ ಒಂದೇ ಎನ್ನುವುದು ಹೇಗೆ? ಸಿದ್ಧಾಂತಿಯ ಉತ್ತರ ಹೀಗಿದೆ. ಎ.ಸಿ. ಗೆದ್ದದ್ದು ಸ್ವಂತ ಬಲದಿಂದಲ್ಲ, ಟ್ರಾನ್ಸ್‌ಫಾರ್ಮರಿನ ಬಲದಿಂದ. ಟ್ರಾನ್ಸ್‌ಫಾರ್ಮರು ಎ.ಸಿ.ಯನ್ನು ಮಾತ್ರ ಬೇಕಾದಾಗ ಏರಿಸುತ್ತದೆ, ಬೇಕಾದಾಗ ಇಳಿಸುತ್ತದೆ, ನೂರಾರು ಮೈಲಿ ದೂರಕ್ಕೆ ಎಸೆಯುತ್ತದೆ. ಟ್ರಾನ್ಸ್‌ಫರು ಕೂಡ ಹಾಗೆಯೇ. ವಿಧಾನಸೌಧದಲ್ಲಿ ಒಂದು ಸ್ವಿಚ್ಚು ಒತ್ತಿದರೆ ಸಾಗರದಲ್ಲಿದ್ದ ಎ.ಸಿ. ಸೇಡಂನಲ್ಲಿರುತ್ತಾರೆ. ಇಷ್ಟು ಹೇಳಿದ ಮೇಲೆ ಪೂರ್ವಪಕ್ಷ ನಿಲ್ಲುವುದಿಲ್ಲ.

ಚುನಾವಣಾ ಆಯೋಗದ ಕಾಗದಪತ್ರಗಳಲ್ಲಿ ಎ.ಸಿ. ಎಂದರೆ ವಿಧಾನಸಭಾ ಕ್ಷೇತ್ರ. ಕರ್ನಾಟಕದಲ್ಲಿ ಅಂಥವು 224. ಅನೇಕ ಎ.ಸಿ.ಗಳಿಗೆ ಎ.ಸಿ.ಯೇ ಚುನಾವಣಾಧಿಕಾರಿ ಎಂಬಷ್ಟನ್ನು ದಾಖಲಿಸಿ ಮುಂದೆ ಹೋಗೋಣ.

ದೋಸೆಯ ಪ್ರಶ್ನೆ ದೊಡ್ಡದು. ಎ.ಸಿ. ಹಾಲಿನ ದೋಸೆಯೂ ಹೊರಗಿನ ದೋಸೆಯೂ ಒಂದೇ ಕಾವಲಿಯವು, ಒಂದೇ ಚಟ್ನಿಯವು. ಆದರೂ ಬೆಲೆ ಬೇರೆ. ಇದನ್ನು ದೇಶಕಾಲೋಪಾಧಿ ಎಂದು ನೈಯಾಯಿಕರು ತಳ್ಳಿಹಾಕಿಯಾರು, ಸರಕಾರ ಹಾಗೆ ತಳ್ಳಿಹಾಕಲಿಲ್ಲ. 2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂದಾಗ ಎ.ಸಿ. ಇಲ್ಲದ, ಮದ್ಯದ ಪರವಾನಗಿಯೂ ಇಲ್ಲದ ಹೋಟೆಲಿಗೆ ಶೇ 12, ಎ.ಸಿ. ಇದ್ದದ್ದಕ್ಕೆ ಶೇ 18 ಎಂದು ವಿಧಿಸಿತು. ಅದೂ ಕಟ್ಟಡದ ಯಾವ ಭಾಗದಲ್ಲಿ, ವರ್ಷದ ಯಾವ ಕಾಲದಲ್ಲಿ ಎ.ಸಿ. ಇದ್ದರೂ ಸರಿ. ಮಹಡಿಯ ಮೇಲೆ ಯಾರೋ ತಣ್ಣಗೆ ಕೂತಿದ್ದರೆ ಕೆಳಗೆ ಬೆವರುತ್ತ ಇಡ್ಲಿ ಮುರಿಯುವವನೂ ಶೇ 18 ಕೊಡಬೇಕು. ಸರ್ವವ್ಯಾಪಿತ್ವವನ್ನು ಇಷ್ಟು ಸ್ಪಷ್ಟವಾಗಿ ಪ್ರತಿಪಾದಿಸಿದ ಇನ್ನೊಂದು ಗ್ರಂಥವಿಲ್ಲ. ನವೆಂಬರ್ 15ರಿಂದ ಈ ಬಗೆಯ ಹೋಟೆಲುಗಳಿಗೆಲ್ಲ ಶೇ 5 ಎಂದಾಗಿ ಭೇದ ಅಳಿಯಿತು. ದರ್ಶನ ನಾಲ್ಕೂವರೆ ತಿಂಗಳು ಬಾಳಿತು. ದೋಸೆಯ ಬೆಲೆ ಇಳಿಯಲಿಲ್ಲ ಎಂಬ ಆಕ್ಷೇಪ ಪ್ರಬಂಧದ ವ್ಯಾಪ್ತಿಗೆ ಹೊರಗಿನದು.

ಕೊನೆಯದಾಗಿ ಅಭಾವದ ವಿಚಾರ. ವೈಶೇಷಿಕರು ಇಲ್ಲದಿರುವುದನ್ನೂ ಒಂದು ಪದಾರ್ಥವೆಂದು ಎಣಿಸಿದರು. ನಮ್ಮ ಬಸ್ಸುಗಳು ಅದನ್ನು ಒಂದು ಹೆಜ್ಜೆ ಮುಂದೆ ಒಯ್ದು, ಇಲ್ಲದಿರುವುದಕ್ಕೆ ‘ನಾನ್ ಎ.ಸಿ.’ ಎಂದು ಬೋರ್ಡು ಬರೆಸಿ ಟಿಕೆಟ್ಟು ಮಾರಿದವು. ಈ ಬೋರ್ಡಿನ ಪದಚ್ಛೇದದ ಬಗ್ಗೆ ಎರಡು ಪಂಥಗಳಿವೆ. ‘ನಾನ್’ ಎಂಬುದು ನಿಷೇಧ, ಆದ್ದರಿಂದ ಎ.ಸಿ. ಬೇರೆ ಬಸ್ಸು ಬೇರೆ ಎಂದು ದ್ವೈತಿಗಳು. ‘ನಾನ್’ ಅಚ್ಚಗನ್ನಡ ಸರ್ವನಾಮ, ಆದ್ದರಿಂದ ಇದು ಐಕ್ಯವಾಕ್ಯ ಎಂದು ಅದ್ವೈತಿಗಳು. ಇಂಥ ಜಗಳ ನಮಗೆ ಹೊಸದಲ್ಲ. ಉಪನಿಷತ್ತಿನ ಮಹಾವಾಕ್ಯವೊಂದರಲ್ಲಿ ಒಂದೇ ಒಂದು ಅಕಾರವನ್ನು ಬಿಡಿಸಿ ಓದಿ ಮಧ್ವಾಚಾರ್ಯರು ಅಭೇದವನ್ನು ಭೇದವಾಗಿಸಿದರು. ಭಾಷ್ಯಕಾರರು ಇದಕ್ಕೊಂದು ದೃಷ್ಟಾಂತ ಕೊಡುತ್ತಾರೆ. ಸರಕಾರಿ ಗಾಡಿ ಕೆಟ್ಟುನಿಂತ ಒಬ್ಬ ಉಪವಿಭಾಗಾಧಿಕಾರಿಗಳು ಕೈ ತೋರಿಸಿ ಕೆಂಪು ಬಸ್ಸು ಹತ್ತಿದರಂತೆ. ಕಂಡಕ್ಟರು ಟಿಕೆಟ್ ಎಂದ.

“ನಾನ್ ಎ.ಸಿ.,” ಎಂದರು ಸಾಹೇಬರು, ಕತ್ತು ನೆಟ್ಟಗೆ ಮಾಡಿ.

“ಹೌದು ಸಾ, ನಾನ್ ಎ.ಸಿ.ನೇ. ಕಿಟಕಿ ತಕ್ಕೊಂಡ್ರೆ ಗಾಳಿ ಬತ್ತದೆ. ಎಲ್ಲಿಗೆ ಕೊಡ್ಲಿ?”