ನಿಮ್ಮಲ್ಲಿ ಎಷ್ಟು ಬಿತ್ತು?

ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರು ಮಾರ್ಚ್ ತಿಂಗಳಲ್ಲಿ ತಿಂಡಿಯಾಯಿತೇ ಎಂದು ವಿಚಾರಿಸುವುದಿಲ್ಲ. ಫೋನೆತ್ತಿದರೆ ಮೊದಲ ಮಾತು: ‘ನಿಮ್ಮಲ್ಲಿ ಎಷ್ಟು ಬಿತ್ತು?’ ಆ ಕಡೆಯಿಂದ ‘ಎಂಬತ್ತು ಸೆಂಟು’ ಎಂದರೆ, ನಲವತ್ತು ಬಿದ್ದವರ ಮುಖ ಕಾಫಿಗಿಂತ ಕಹಿ. ಮಳೆಯ ಬಗ್ಗೆ ಹವಾಮಾನ ಇಲಾಖೆ ಮಿಲಿಮೀಟರಿನಲ್ಲಿ ಮಾತಾಡಿದರೂ ತೋಟದ ಮನೆಗಳು ಇಂಚು ಬಿಟ್ಟಿಲ್ಲ. ಇಂಚಿಗೆ ನೂರು ಸೆಂಟು, ಅಂದರೆ 25.4 ಮಿ.ಮೀ.

ಇದು ಬರೀ ಪಕ್ಕದ ತೋಟದ ಮೇಲಿನ ಹೊಟ್ಟೆಕಿಚ್ಚಲ್ಲ. ಕಾಫಿಯ ಹೂವರಳಿಸುವ ಈ ಹೂಮಳೆ ಸಾಲದಿದ್ದರೆ ಮೊಗ್ಗು ಸರಿಯಾಗಿ ಅರಳದು. ಸ್ಪ್ರಿಂಕ್ಲರ್ ಹಾಕಬೇಕೇ, ಡೀಸೆಲ್ ಉಳಿಸಬೇಕೇ ಎಂಬ ತೀರ್ಮಾನ ಅಂಗಳದ ಮಳೆಮಾಪಕದ್ದು.

ಬೆಂಗಳೂರಿನ ತಾರಸಿಗೂ ಮಳೆಮಾಪಕ ದಂಡವಲ್ಲ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್. ನೂರು ಚದರ ಮೀಟರ್ ತಾರಸಿಗೆ 25 ಮಿ.ಮೀ. ಸುರಿದರೆ 2,500 ಲೀಟರ್. ಸೋರಿದ್ದು, ಆರಿದ್ದು ಕಳೆದರೂ ಸಂಪ್‌ಗೆ ಒಳ್ಳೆಯ ಪಾಲು. ಲೆಕ್ಕ ಹಾಕಿದ ಯಜಮಾನರು ಟ್ಯಾಂಕರಿನವನೊಂದಿಗೆ ಬೇರೆಯೇ ಗತ್ತಿನಲ್ಲಿ ಮಾತಾಡುತ್ತಾರೆ. ಗಿಡಗಳಿಗೆ ಆ ಸಂಜೆ ನೀರು ಹಾಕುವ ಕೆಲಸವೂ ತಪ್ಪುತ್ತದೆ. (ಇದಕ್ಕೆ ಮಾತ್ರ ಮನೆಯಲ್ಲಿ ಎಲ್ಲರ ಒಮ್ಮತ.)

ಮಾಪಕವನ್ನು ಸೂರಿನಡಿ, ತೆಂಗಿನಡಿ ಇಡಬಾರದು. ಕೊಳ್ಳುವ ಮನಸ್ಸಿಲ್ಲದವರು ನೇರ ಗೋಡೆಯ ಡಬ್ಬಿ, ಸ್ಕೇಲು ಬಳಸಬಹುದು. ಹೊಟ್ಟೆಯುಬ್ಬಿದ ಚೊಂಬು ಸುಳ್ಳು ಹೇಳುತ್ತದೆ. ಅಳೆಯುವ ಹೊತ್ತು ಇಲಾಖೆಯಂತೆ ಬೆಳಿಗ್ಗೆ 8:30. ಇಲಾಖೆಯ ಪ್ರಕಾರ 2.5 ಮಿ.ಮೀ.ಗಿಂತ ಕಡಿಮೆಯಾದರೆ ಅದು ಮಳೆಯ ದಿನವೇ ಅಲ್ಲ. ರಜೆಗಾಗಿ ಆಕಾಶ ನೋಡುವ ಮಕ್ಕಳಿಗೆ ಈ ನಿಯಮ ತಿಳಿಸಿದ ಅಪ್ಪಂದಿರು ಆ ದಿನ ಸ್ಕೂಲಿನವರೆಗೆ ಛತ್ರಿಯನ್ನೂ ತಾವೇ ಹಿಡಿಯಬೇಕಾಗುತ್ತದೆ.